ಸಿಪಾಯಿಯ ಸಂಸಾರವೂ ವೈದ್ಯರ ಲೆಕ್ಕವೂ

ರಣರಂಗದ ಕಥೆಯನ್ನು ಚರಿತ್ರಕಾರರು ವಿಸ್ತಾರವಾಗಿ ಬರೆದಿದ್ದಾರೆ. ಅದೇ ಹೊತ್ತಿನಲ್ಲಿ ಸಿಪಾಯಿಯ ಹೆಂಡತಿ ತುಂಬು ಬಸುರಿಯಾಗಿದ್ದರೆ ಹೆರಿಗೆಯ ಖರ್ಚನ್ನು ತೆತ್ತವರು ಯಾರು ಎಂಬುದನ್ನು ಬರೆದವರು ವಿರಳ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆಯೇ ದೊಡ್ಡದೊಂದು ವಾದಕ್ಕೆ ಕಾರಣವಾಯಿತು.

1941ರಲ್ಲಿ ವಾಷಿಂಗ್ಟನ್ ಸಂಸ್ಥಾನದ ಫೋರ್ಟ್ ಲೂಯಿಸ್ ಪಾಳೆಯದ ಸುತ್ತಮುತ್ತ ಸಿಪಾಯಿಗಳ ಹೆಂಡಂದಿರು ಬಂದು ನೆಲೆಸಿದರು. ಸೇನೆಯ ಆಸ್ಪತ್ರೆಯಲ್ಲಿ ಅವರಿಗೆಲ್ಲ ಎಡೆಯಿರಲಿಲ್ಲ. ಊರಿನ ವೈದ್ಯರಲ್ಲಿಗೆ ಹೋಗಲು ಕೈಯಲ್ಲಿ ಹಣವಿರಲಿಲ್ಲ. 1942ರಲ್ಲಿ ಹೆಚ್ಚಿಸಿದ ಮೇಲೂ ಸಾಮಾನ್ಯ ಸಿಪಾಯಿಯ ಮೂಲ ಸಂಬಳ ತಿಂಗಳಿಗೆ 50 ಡಾಲರು ಮಾತ್ರ! ಅಲ್ಲಿನ ಆರೋಗ್ಯ ಇಲಾಖೆ ತಾಯಿಮಕ್ಕಳ ನಿಧಿಯಿಂದ ನೆರವು ನೀಡತೊಡಗಿತು. 1943ರ ಮಾರ್ಚಿಯಲ್ಲಿ ಕಾಂಗ್ರೆಸ್ ಸಭೆ 12 ಲಕ್ಷ ಡಾಲರುಗಳನ್ನು ಮಂಜೂರು ಮಾಡಿ, ಈ ನೆರವನ್ನು ದೇಶಕ್ಕೆಲ್ಲ ವಿಸ್ತರಿಸಿತು. ಅದು ಸಾಲದೆ ಅದೇ ವರ್ಷ ಮತ್ತೆ ಮತ್ತೆ ಹಣ ಒದಗಿಸಬೇಕಾಯಿತು.

ಕೆಳಗಿನ ನಾಲ್ಕು ದರ್ಜೆಗಳ ಸಿಪಾಯಿಗಳ ಹೆಂಡಂದಿರಿಗೂ ಅವರ ಎಳೆಯ ಕೂಸುಗಳಿಗೂ ಈ ಸೌಕರ್ಯ ದೊರೆಯಿತು. ಹಣ ಆ ತಾಯಿಯ ಕೈಗೆ ಬರುತ್ತಿರಲಿಲ್ಲ. ಸಂಸ್ಥಾನದ ಆರೋಗ್ಯ ಇಲಾಖೆ ಅದನ್ನು ನೇರವಾಗಿ ವೈದ್ಯರಿಗೂ ಆಸ್ಪತ್ರೆಗೂ ಸಲ್ಲಿಸುತ್ತಿತ್ತು. ನಿಗದಿಯಾದ ದರವನ್ನು ಒಪ್ಪಿದ ವೈದ್ಯರು ಮನೆಯವರಿಂದ ಮೇಲೆ ಒಂದು ಕಾಸನ್ನೂ ಕೇಳುವಂತಿರಲಿಲ್ಲ.

ವಾದ ಹುಟ್ಟಿದುದು ಇಲ್ಲಿಯೇ. ಹಣವನ್ನು ತಾಯಿಯ ಕೈಗೇ ಕೊಡಿ, ಶುಲ್ಕವನ್ನು ನಾವೂ ಅವಳೂ ಮಾತಾಡಿಕೊಳ್ಳುತ್ತೇವೆ ಎಂದಿತು ವೈದ್ಯರ ಸಂಘ. ಶುಲ್ಕ ಏರಿದರೆ ಬಡ ಸಿಪಾಯಿಗೆ ಮತ್ತೆ ಸಾಲವೇ ಗತಿಯಲ್ಲವೆ? ಯೋಜನೆಯ ಹೊಣೆ ಹೊತ್ತ ಮಕ್ಕಳ ಇಲಾಖೆ ಜಗ್ಗಲಿಲ್ಲ. ಆದರೆ ವೈದ್ಯರ ದೂರನ್ನು ಬರಿಯ ದುರಾಸೆಯೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ದರವನ್ನು ಗೊತ್ತುಮಾಡುವವರು ಒಬ್ಬರು, ರಾತ್ರಿಯೆಲ್ಲ ನಿದ್ದೆಗೆಡುವವರು ಇನ್ನೊಬ್ಬರು! 1949ರಲ್ಲಿ ಯೋಜನೆ ಮುಗಿಯುವ ವೇಳೆಗೆ ಸುಮಾರು 12 ಲಕ್ಷ ತಾಯಂದಿರು ಇದರ ಪ್ರಯೋಜನ ಪಡೆದಿದ್ದರು.

1956ರಲ್ಲಿ ಹೊಸ ಕಾನೂನೊಂದು ಸೈನಿಕರ ಹೆಂಡತಿ ಮಕ್ಕಳಿಗೆ ಹೊರಗಿನ ವೈದ್ಯರ ಚಿಕಿತ್ಸೆಯನ್ನು ಮತ್ತೆ ಒದಗಿಸಿತು. 1966ರಲ್ಲಿ ಅದು ವಿಸ್ತಾರಗೊಂಡು, 1990ರ ದಶಕದಲ್ಲಿ ‘ಟ್ರೈಕೇರ್’ ಎಂಬ ಹೆಸರು ಪಡೆಯಿತು. ಹಣ ಸರ್ಕಾರದ್ದು; ಬಿಲ್ಲು ಪರೀಕ್ಷಿಸಿ ಪಾವತಿ ಮಾಡುವ ಕೆಲಸ ಗುತ್ತಿಗೆ ಹಿಡಿದ ಕಂಪೆನಿಗಳದು. 2025ರ ಜನವರಿ 1ರಂದು ಹೊಸ ಗುತ್ತಿಗೆಗಳು ಜಾರಿಗೆ ಬಂದಾಗ ಅನೇಕ ಚಿಕಿತ್ಸಾಲಯಗಳಿಗೆ ಹಣ ಸಕಾಲಕ್ಕೆ ಸೇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮಗೆ ಹೊಸದಲ್ಲವಷ್ಟೆ!

ದೊಡ್ಡ ಆಸ್ಪತ್ರೆ ಒಂದೆರಡು ತಿಂಗಳು ತಾಳಬಹುದು. ಸಣ್ಣ ಊರಿನ ವೈದ್ಯರು ದಾದಿಯ ಸಂಬಳವನ್ನೂ ಔಷಧದ ಬಾಕಿಯನ್ನೂ ತೀರಿಸಬೇಕು. ಅವರು ಬೇಸತ್ತು ಬಾಗಿಲು ಮುಚ್ಚಿದರೆ ನಷ್ಟ ಅವರೊಬ್ಬರದೇ ಅಲ್ಲ. ದೂರದ ಠಾಣ್ಯದಲ್ಲಿರುವ ಸಿಪಾಯಿಯ ಮಗುವಿಗೆ ಜ್ವರ ಬಂದಾಗ ತಟ್ಟಲು ಬಾಗಿಲೇ ಇರುವುದಿಲ್ಲ. ನಿನ್ನ ಮನೆಯನ್ನು ನಾವು ನೋಡಿಕೊಳ್ಳುತ್ತೇವೆಂದು ರಾಜ್ಯವು ಸಿಪಾಯಿಗೆ ಕೊಟ್ಟ ಮಾತು, ವೈದ್ಯರ ಬಿಲ್ಲು ಸಂದಾಯವಾದ ದಿನವೇ ನಿಜವಾಗುತ್ತದೆ.