ಗಡಿಗೆ ಈಚೆಯೂ ಆಚೆಯೂ ಒಂದೇ ರಕ್ತ: ನೀಲಗಿರಿ, ವಯನಾಡಿನ ಕುಡುಗೋಲು ಕಣದ ಚರಿತ್ರೆ

ಸಾಹಿತ್ಯ ಓದುವವರಿಗೆ ರಕ್ತದ ವಿಷಯ ಯಾಕೆ ಅಂತ ನೀವು ಕೇಳಬಹುದು. ಗಡಿನಾಡಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಶಾಸನ, ಶಾಲೆ, ಭಾಷಾ ಚಳವಳಿಗಳ ಮೂಲಕ ಓದ್ತೇವೆ. ನೀಲಗಿರಿ ಮತ್ತು ವಯನಾಡಿನಲ್ಲಿ ಇನ್ನೊಂದು ದಾಖಲೆ ಜನರ ಮೈಯೊಳಗೇ ಇದೆ. ಅದು ಸಿಕಲ್ ಸೆಲ್, ಅಂದ್ರೆ ಕುಡುಗೋಲು ಕಣದ ರಕ್ತಹೀನತೆ.

ಮೊದಲು ಮೂಲ ವಿಷಯ. ನಮ್ಮ ಕೆಂಪು ರಕ್ತಕಣ ದುಂಡಗೆ, ಮೆತ್ತಗೆ ಇರುತ್ತದೆ. ಸುಮಾರು 120 ದಿನ ಬದುಕುತ್ತದೆ. ಅದರೊಳಗಿನ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತೊಯ್ಯುತ್ತದೆ. ಈ ಕಾಯಿಲೆಯಲ್ಲಿ ಆಮ್ಲಜನಕ ಕಡಿಮೆಯಾದಾಗ ಕಣ ಬಿರುಸಾಗಿ ಕುಡುಗೋಲಿನ ಹಾಗೆ ಬಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೈಕಾಲು, ಬೆನ್ನು, ಎದೆಯಲ್ಲಿ ತಡೆಯಲಾಗದ ನೋವು ಬರುತ್ತದೆ. ಇಂಥ ಕಣದ ಆಯುಸ್ಸು 10ರಿಂದ 20 ದಿನ ಮಾತ್ರ. ಅದಕ್ಕೇ ರಕ್ತ ಸದಾ ಕಡಿಮೆ.

ಬಾಗಿದ ಈ ಕಣಗಳನ್ನು ವೈದ್ಯಕೀಯ ಪತ್ರಿಕೆಯಲ್ಲಿ ಮೊದಲು ವರ್ಣಿಸಿದವರು ಷಿಕಾಗೋದ ಜೇಮ್ಸ್ ಹೆರಿಕ್, 1910ರಲ್ಲಿ. ದೋಷ ಹಿಮೋಗ್ಲೋಬಿನ್ ಅಣುವಿನಲ್ಲೇ ಇದೆ ಎಂದು 1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ತೋರಿಸಿದರು. ಇದು ತಂದೆತಾಯಿಯಿಂದ ಬರುವಂಥದ್ದು. ಒಬ್ಬರಿಂದ ಮಾತ್ರ ಬಂದರೆ ಮಗು ವಾಹಕ. ಸಾಮಾನ್ಯವಾಗಿ ಅದಕ್ಕೆ ಕಾಯಿಲೆ ಇರುವುದಿಲ್ಲ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು.

ಇನ್ನು ನಮ್ಮ ಬೆಟ್ಟಕ್ಕೆ ಬರೋಣ. 1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ನೀಲಗಿರಿಯ ಆದಿವಾಸಿಗಳಲ್ಲಿ ಈ ಲಕ್ಷಣ ಇರುವುದನ್ನು ಪ್ರಕಟಿಸಿದರು. ಆವರೆಗೆ ಇದು ಆಫ್ರಿಕಾ ಮೂಲದವರ ರೋಗ ಅಂತಲೇ ಹೆಚ್ಚಿನವರ ನಂಬಿಕೆಯಾಗಿತ್ತು. ಲೇಮನ್ ಅವರ ಕುತೂಹಲ ಇದ್ದದ್ದು ಜನಾಂಗಗಳ ನಂಟಿನ ಬಗ್ಗೆ: ಯಾರು ಯಾರಿಗೆ ಸಂಬಂಧ, ಯಾರು ಎಲ್ಲಿಂದ ಬಂದವರು. ಅಂದ್ರೆ ಇಲ್ಲಿನ ರಕ್ತ ಮೊದಲು ಜನರನ್ನು ವಿಂಗಡಿಸುವ ಗುರುತಾಯಿತು; ಆರೈಕೆಯ ಮಾತು ಆಮೇಲೆ ಬಂತು.

ಆದರೆ 1954ರಲ್ಲಿ ಆಂಟನಿ ಆಲಿಸನ್ ಪೂರ್ವ ಆಫ್ರಿಕಾದ ಅಧ್ಯಯನದಿಂದ ಇನ್ನೊಂದು ದಾರಿ ತೋರಿಸಿದರು. ವಾಹಕರಿಗೆ ಮಲೇರಿಯಾದಿಂದ ಒಂದಷ್ಟು ರಕ್ಷಣೆ ಇದೆ. ವಯನಾಡಿನ ಜ್ವರಕ್ಕೆ ಬ್ರಿಟಿಷ್ ಕಾಲದ ತೋಟದ ದೊರೆಗಳೂ ಹೆದರುತ್ತಿದ್ದರು. ಈ ಕಾಡಿನಲ್ಲಿ ತಲೆಮಾರುಗಳ ಕಾಲ ಬಾಳಿದವರನ್ನು ಇದೇ ಗುಣ ಕಾಯ್ದಿರಬೇಕು. ವಯನಾಡಿನಲ್ಲಿ ಆದಿವಾಸಿಗಳಲ್ಲದ ವಯನಾಡನ್ ಚೆಟ್ಟಿಗಳಲ್ಲೂ ಇದು ಕಾಣುತ್ತದೆ. ಹಾಗಾಗಿ ಇದನ್ನು ಒಂದು ಕುಲದ ಕಳಂಕ ಅನ್ನೋದು ತಪ್ಪು. ಇದು ಒಂದು ನೆಲದ ನೆನಪು.

ಆ ನೆಲವನ್ನು ನಾವು ಹಂಚಿಕೊಂಡೆವು. 1877ರಲ್ಲಿ ಗೂಡಲೂರು ಭಾಗ ಮಲಬಾರಿನಿಂದ ನೀಲಗಿರಿ ಜಿಲ್ಲೆಗೆ ಸೇರಿತು. 1956ರಲ್ಲಿ ರಾಜ್ಯಗಳ ಪುನರ್‌ವಿಂಗಡಣೆಯಾಗಿ ವಯನಾಡು ಕೇರಳಕ್ಕೆ ಹೋಯಿತು, ಗೂಡಲೂರು ಮದರಾಸಿನಲ್ಲೇ ಉಳಿಯಿತು, ಪಕ್ಕದ ಹೆಗ್ಗಡದೇವನಕೋಟೆ, ಗುಂಡ್ಲುಪೇಟೆ ಮೈಸೂರಿನಲ್ಲಿದ್ದವು. ಪಣಿಯರು ಮೂರೂ ಕಡೆ ಇದ್ದಾರೆ. ಕರ್ನಾಟಕದ ಪಟ್ಟಿಯಲ್ಲಿ ಜೇನು ಕುರುಬ ಎನ್ನುವವರಿಗೆ ಹತ್ತಿರದ ನಂಟಿನವರು ಕೇರಳ, ತಮಿಳುನಾಡಿನ ಪಟ್ಟಿಗಳಲ್ಲಿ ಕಾಟ್ಟುನಾಯಕನ್. ಮನೆಮಾತು ಕನ್ನಡಕ್ಕೆ ತೀರಾ ಹತ್ತಿರ. ಆಸ್ಪತ್ರೆಯ ಚೀಟಿ ಮಾತ್ರ ತಮಿಳು ಅಥವಾ ಮಲಯಾಳದ್ದು.

ಇಲ್ಲಿ ಭಾಷೆಯ ಪ್ರಶ್ನೆ ಜೀವದ ಪ್ರಶ್ನೆ ಆಗ್ತದೆ. ಹೆಣ್ಣು ಕೊಡೋದು, ತರೋದು ರಾಜ್ಯದ ಗಡಿ ನೋಡಿ ನಡೆಯುವುದಿಲ್ಲ. ವಾಹಕರು ಅಂದ್ರೆ ರೋಗಿಗಳಲ್ಲ ಎಂಬ ಒಂದು ಮಾತು ಅವರವರ ನುಡಿಯಲ್ಲಿ ಸರಿಯಾಗಿ ತಲುಪದಿದ್ದರೆ, ರಕ್ತಪರೀಕ್ಷೆಯೇ ಮದುವೆ ಮುರಿಯುವ ನೆಪವಾದೀತು.

ಆರೈಕೆಯ ಚರಿತ್ರೆಯೂ ಇದೆ. ವಯನಾಡಿನ ಮುಟ್ಟಿಲ್‌ನಲ್ಲಿ ದಶಕಗಳಿಂದ ಆದಿವಾಸಿಗಳ ನಡುವೆ ದುಡಿದ ವೈದ್ಯ ಧನಂಜಯ ಸಗದೇವ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಸಿಕಲ್ ಸೆಲ್ ಕೆಲಸ ಅವರ ಸೇವೆಯ ದೊಡ್ಡ ಭಾಗ. ಗೂಡಲೂರಿನಲ್ಲಿ ಆದಿವಾಸಿಗಳದ್ದೇ ಒಂದು ಆಸ್ಪತ್ರೆ ನಡೆಯುತ್ತಿದೆ. 2047ರೊಳಗೆ ಈ ಕಾಯಿಲೆಯನ್ನು ಇಲ್ಲವಾಗಿಸುವ ರಾಷ್ಟ್ರೀಯ ಯೋಜನೆ 2023ರ ಜುಲೈ 1ರಂದು ಶುರುವಾಯಿತು. ಲೇಮನ್ ಅವರ ವರದಿಗೂ ಇದಕ್ಕೂ ನಡುವೆ 71 ವರ್ಷ.

ಕೊನೆಗೆ ಒಂದು ಪದದ ಬಗ್ಗೆ. ಮಲಯಾಳದಲ್ಲಿ ಇದಕ್ಕೆ ‘ಅರಿವಾಳ್ ರೋಗ’ ಅಂತಾರೆ. ಹಳಗನ್ನಡದಲ್ಲೂ ‘ಅರಿ’ ಅಂದ್ರೆ ಕತ್ತರಿಸು, ‘ಬಾಳ್’ ಅಂದ್ರೆ ಕತ್ತಿ. ಪದಗಳ ನಂಟು ಹುಡುಕೋದು ನಮಗೆ ಅಭ್ಯಾಸ. ಜೇನು ಕುರುಬರ, ಪಣಿಯರ ಮಾತಿನಲ್ಲಿ ಈ ನೋವಿಗೆ ಯಾವ ಹೆಸರಿದೆ ಅಂತ ಕೇಳಿ ಬರೆದಿಡುವುದೂ ನಮ್ಮಂಥ ವಿದ್ಯಾರ್ಥಿಗಳ ಕೆಲಸವೇ. ಆ ಪದಗಳು ವೈದ್ಯರ ಕೈಗೆ ಸಿಕ್ಕರೆ ನೋವು ಹೇಳಿಕೊಳ್ಳುವುದು ಒಂದಿಷ್ಟು ಸುಲಭವಾದೀತು.