ಮಹಾಸಭೆಗಳ ದಾರಿ

ಸೂರತ್ ಜಿಲ್ಲೆಯ ಬಾರ್ಡೋಲಿಯ ಸಮೀಪದಲ್ಲಿ, ತಾಪಿ ನದಿಯ ದಂಡೆಯ ಮೇಲಿರುವ ಹರಿಪುರವೆಂಬ ಹಳ್ಳಿಯಲ್ಲಿ 1938ರ ಫೆಬ್ರುವರಿ ತಿಂಗಳಲ್ಲಿ ಕಾಂಗ್ರೆಸ್ಸಿನ ಐವತ್ತೊಂದನೆಯ ಅಧಿವೇಶನವು ಜರುಗಿದಾಗ, ಅದಕ್ಕಾಗಿಯೇ ನಿರ್ಮಿತವಾದ ತಾತ್ಕಾಲಿಕ ಪಟ್ಟಣಕ್ಕೆ ದಿವಂಗತ ವಿಠ್ಠಲಭಾಯಿ ಪಟೇಲರ ಸ್ಮರಣಾರ್ಥ ವಿಠ್ಠಲನಗರವೆಂದು ಹೆಸರಿಟ್ಟರು. ಬಿದಿರು, ಹುಲ್ಲು, ಖಾದಿ ಇವೇ ಅದರ ಮುಖ್ಯ ಸಾಮಗ್ರಿಗಳು. ಶಾಂತಿನಿಕೇತನದಿಂದ ಬಂದ ನಂದಲಾಲ ಬೋಸರು ಕೈಕಾಗದದ ಮೇಲೆ ಮಣ್ಣಿನ ಬಣ್ಣಗಳಿಂದ ಬಡಗಿ, ಚಮ್ಮಾರ, ಕುಂಬಾರ, ಡೋಲು ಬಾರಿಸುವವ ಮುಂತಾದ ಗ್ರಾಮಜೀವಿಗಳನ್ನು ಚಿತ್ರಿಸಿ ಆ ನಗರವನ್ನು ಸಿಂಗರಿಸಿದರು. ಅಧ್ಯಕ್ಷರಾದ ಸುಭಾಷಚಂದ್ರ ಬೋಸರು ಐವತ್ತೊಂದು ಎತ್ತುಗಳು ಎಳೆದ ರಥದಲ್ಲಿ ಅದನ್ನು ಪ್ರವೇಶಿಸಿದರು. ಅತಿಥಿಗಳಿಗೆ ಆಕಳ ಹಾಲನ್ನೇ ಕೊಡಬೇಕೆಂಬ ಗಾಂಧೀಜಿಯವರ ಇಚ್ಛೆಯನ್ನು ನೆರವೇರಿಸಲು ಸರ್ದಾರ್ ವಲ್ಲಭಭಾಯಿಯವರು ಐನೂರು ಆಕಳುಗಳನ್ನು ಅಲ್ಲಿಗೆ ತರಿಸಿದರೆಂಬ ಸಂಗತಿಯೂ ಆ ಸಭೆಯ ವೃತ್ತಾಂತದಲ್ಲಿ ಸೇರಿದೆ. ಸಭೆ ಮುಗಿದ ಬಳಿಕ ಬಿದಿರನ್ನು ಬಿಚ್ಚಬಹುದಾಗಿತ್ತು, ಹುಲ್ಲನ್ನು ಮಣ್ಣಿಗೆ ಒಪ್ಪಿಸಬಹುದಾಗಿತ್ತು.

ಈ ಮಿತವ್ಯಯದ ಬೀಜವು ಅಹಮದಾಬಾದಿನಲ್ಲಿ ಮೊದಲೇ ಬಿತ್ತಲ್ಪಟ್ಟಿತ್ತು. 1907ರಲ್ಲಿ ಸೂರತ್ತಿನಲ್ಲಿ ಸೇರಿದ ಅಧಿವೇಶನವನ್ನು ನಾವು ಕಲಹಕ್ಕಾಗಿ ಮಾತ್ರ ನೆನೆಯುತ್ತೇವೆ. ಆದರೆ 1921ರ ಡಿಸೆಂಬರಿನಲ್ಲಿ, ಹಕೀಮ್ ಅಜ್ಮಲ್ ಖಾನರ ಅಧ್ಯಕ್ಷತೆಯಲ್ಲಿ ಸಾಬರಮತಿಯ ನಗರದಲ್ಲಿ ಕೂಡಿದ ಸಭೆಯಲ್ಲಿ ಕುರ್ಚಿಗಳನ್ನು ತೆಗೆಸಿ ಪ್ರತಿನಿಧಿಗಳನ್ನು ನೆಲದ ಮೇಲೆ ಕೂರಿಸಿದ್ದು ನಮ್ಮ ಸಾರ್ವಜನಿಕ ಜೀವನದಲ್ಲಿ ಒಂದು ಸಣ್ಣ ಕ್ರಾಂತಿಯೇ ಸರಿ. ಮೂರು ವರ್ಷಗಳ ಬಳಿಕ ನಮ್ಮ ಬೆಳಗಾವಿಯಲ್ಲಿ, ಸ್ವತಃ ಗಾಂಧೀಜಿ ಅಧ್ಯಕ್ಷರಾಗಿದ್ದ ಅಧಿವೇಶನಕ್ಕೆಂದು ತೋಡಿದ ಬಾವಿಯು ಇಂದಿಗೂ ಕಾಂಗ್ರೆಸ್ ಬಾವಿಯೆಂಬ ಹೆಸರಿನಿಂದ ಉಳಿದಿದೆ. ನೆರೆದವರು ಚದುರಿದ ಮೇಲೂ ಊರಿಗೆ ನೀರನ್ನು ಬಿಟ್ಟುಹೋದ ಸಭೆಯನ್ನು ಕಂಡರೆ ನನಗೆ ವಿಶೇಷವಾದ ಗೌರವ.

ಆದರೂ ಇತಿಹಾಸವನ್ನು ಬರೆಯುವವನು ಹರಿಪುರಕ್ಕೆ ಜನರು ಬಂದ ದಾರಿಯನ್ನೂ ನೋಡಬೇಕು. 1860ರ ದಶಕದ ಆರಂಭದಲ್ಲಿಯೇ ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯು ಸೂರತ್, ಬರೋಡ, ಅಹಮದಾಬಾದುಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿತ್ತು. ಕಲ್ಲಿದ್ದಲನ್ನು ಉರಿಸಿ ಓಡುವ ಆ ಬಂಡಿಗಳಿಲ್ಲದಿದ್ದರೆ ಬಂಗಾಳದಿಂದಲೂ ಮದ್ರಾಸಿನಿಂದಲೂ ಜನರು ಬರುವುದೆಂತು? 1933ರಲ್ಲಿ ಸಯಾಜಿರಾವ್ ಗಾಯಕವಾಡರ ಬರೋಡದಲ್ಲಿ ಅಖಿಲ ಭಾರತ ಪ್ರಾಚ್ಯವಿದ್ಯಾ ಪರಿಷತ್ತು ಸೇರಿದಾಗಲೂ, ಎರಡು ವರ್ಷಗಳ ಅನಂತರ ಅದೇ ಪರಿಷತ್ತು ಮೈಸೂರಿಗೆ ಬಂದಾಗಲೂ, ವಿದ್ವಾಂಸರನ್ನು ಹೊತ್ತು ತಂದದ್ದು ಈ ಹೊಗೆಯ ಬಂಡಿಗಳೇ. ಚಪ್ಪರದ ಲೆಕ್ಕವನ್ನು ಬರೆದಿಟ್ಟವರಿದ್ದರು. ಹೊಗೆಯ ಲೆಕ್ಕವನ್ನು ಬರೆಯುವ ಅಗತ್ಯವು ಆಗ ಯಾರಿಗೂ ತೋರಿರಲಿಲ್ಲ.

ಇಂದು ಅದು ತೋರಿದೆ. 2020ರ ಫೆಬ್ರುವರಿ 17ರಿಂದ 22ರವರೆಗೆ, ಅಹಮದಾಬಾದಿಗೆ ಅಂಟಿಕೊಂಡಂತಿರುವ ಗಾಂಧಿನಗರದ ಮಹಾತ್ಮಾ ಮಂದಿರದಲ್ಲಿ ವಲಸೆಯ ಜೀವಿಗಳ ರಕ್ಷಣೆಗಾಗಿ ವಿಶ್ವಸಂಸ್ಥೆಯ ಆಶ್ರಯದ ಒಪ್ಪಂದದ ಹದಿಮೂರನೆಯ ಸಮ್ಮೇಳನವು ಸೇರಿತು. ಕನ್ನಡನಾಡಿನ ಎರೆಯ ಬಯಲುಗಳಲ್ಲಿ ಎರೆಭೂತವೆಂದು ಹೆಸರಾದ ಹಕ್ಕಿಗೆ ಅತ್ಯುನ್ನತ ರಕ್ಷಣೆಯ ಪಟ್ಟಿಯಲ್ಲಿ ಸ್ಥಾನ ದೊರೆತದ್ದು ಅಲ್ಲಿಯೇ. ಹಕ್ಕಿಗಳು ತಮ್ಮ ರೆಕ್ಕೆಯ ಬಲದಿಂದ ಖಂಡಾಂತರಗಳನ್ನು ದಾಟುತ್ತವೆ. ಅವುಗಳ ಹಿತವನ್ನು ಚಿಂತಿಸಲು ಬರುವ ಮನುಷ್ಯನಾದರೋ ವಿಮಾನದ ಎಣ್ಣೆಯನ್ನು ಸುಡಬೇಕು. ಆ ಎಣ್ಣೆಯ ಒಂದು ಕಿಲೋ ಉರಿದರೆ, ಗಾಳಿಯ ಆಮ್ಲಜನಕವೂ ಅದರೊಡನೆ ಕೂಡುವುದರಿಂದ, ಸುಮಾರು 3.16 ಕಿಲೋ ಇಂಗಾಲದ ಡೈಆಕ್ಸೈಡು ಹುಟ್ಟುತ್ತದೆ. ಸಮ್ಮೇಳನವೊಂದರ ಇಂಗಾಲದ ಭಾರವನ್ನು ಅಳೆಯುವವರು ಸಭಾಂಗಣದ ವಿದ್ಯುತ್ತು, ಅಡುಗೆ, ವಸತಿ, ಕಸ, ಪ್ರಯಾಣ ಎಲ್ಲವನ್ನೂ ಕೂಡಿಸುತ್ತಾರೆ. ದೂರದೇಶಗಳಿಂದ ಜನರು ಬರುವ ಸಭೆಗಳಲ್ಲಿ ವಿಮಾನಯಾನದ ಪಾಲೇ ಸಾಮಾನ್ಯವಾಗಿ ಮಿಕ್ಕೆಲ್ಲವನ್ನೂ ಮೀರುತ್ತದೆ. ಪ್ಲಾಸ್ಟಿಕ್ಕಿನ ಲೋಟವನ್ನು ತೆಗೆದು ಮಣ್ಣಿನ ಕುಡಿಕೆಯನ್ನು ಇಡುವುದು ಒಳ್ಳೆಯ ನಡತೆಯೇ ಹೌದು. ಆದರೆ ಅಷ್ಟರಿಂದಲೇ ಸಭೆಯು ಶುದ್ಧವಾಯಿತೆಂದು ಸಾರುವುದನ್ನು ನಾನು ಒಪ್ಪಲಾರೆ.

ಆ ಸಮ್ಮೇಳನ ಮುಗಿದು ತಿಂಗಳು ಕಳೆಯುವುದರೊಳಗೆ ಮಹಾಮಾರಿಯು ಜಗತ್ತಿನ ವಿಮಾನಗಳನ್ನು ನೆಲಕ್ಕಿಳಿಸಿ, ಪಂಡಿತರ ಸಭೆಗಳನ್ನೆಲ್ಲ ಗಣಕದ ಪರದೆಗೆ ತಂದಿತು. ಎದುರೆದುರು ಕುಳಿತು ವಾದಿಸಿ, ಊಟದ ಸಾಲಿನಲ್ಲಿ ಸ್ನೇಹ ಬೆಳೆಸುವ ಸುಖವನ್ನು ಪರದೆಯು ಕೊಡಲಾರದೆಂಬುದು ನಿಜ. ಅದರಿಂದ ಸಭೆಗಳನ್ನೇ ಬಿಡಬೇಕೆಂದು ನಾನು ಹೇಳುವುದಿಲ್ಲ. ಸಮೀಪದ ನಾಡುಗಳವರು ಒಂದೆಡೆ ಕೂಡಿ, ಅಂತಹ ಹಲವು ಕೂಟಗಳನ್ನು ಪರದೆಯ ಮೂಲಕ ಬೆಸೆಯಬಹುದು. ವರ್ಷಕ್ಕೊಮ್ಮೆ ಸೇರುವವರು ಎರಡು ವರ್ಷಕ್ಕೊಮ್ಮೆ ಸೇರಬಹುದು. ರೈಲು ಮುಟ್ಟುವ ಊರನ್ನೇ ಆರಿಸಬಹುದು. ಮುಂಬಯಿಯಿಂದ ಸೂರತ್, ವಡೋದರಗಳ ಮೂಲಕ ಅಹಮದಾಬಾದಿಗೆ ಹೋಗುವ ಹಳೆಯ ಹೊಗೆಬಂಡಿಯ ದಾರಿಯಲ್ಲಿ ಈಗ ವಿದ್ಯುತ್ತಿನ ಬಂಡಿಗಳು ಓಡುತ್ತವೆ. ಮಹಾತ್ಮಾ ಮಂದಿರದ ಹತ್ತಿರದಲ್ಲೇ ಇರುವ ಗಾಂಧಿನಗರದ ನಿಲ್ದಾಣವು 2021ರ ಜುಲೈಯಲ್ಲಿ ಹೊಸ ರೂಪದಲ್ಲಿ ತೆರೆಯಿತು. ಹಳಿಗಳ ಮೇಲ್ಭಾಗದಲ್ಲಿಯೇ ಅತಿಥಿಗಳಿಗೆ ಹೋಟೆಲೊಂದನ್ನು ಕಟ್ಟಿದ್ದಾರೆ.