ಕೆರೆಯ ಹೆಸರು, ಕಾವೇರಿಯ ನೀರು



ಬಿ.ಟಿ.ಎಂ. ಬಡಾವಣೆಯ ಹೆಸರನ್ನು ನೀವು ನೂರಾರು ಬಾರಿ ಬಸ್ಸಿನ ಫಲಕದಲ್ಲಿ ಓದಿರುತ್ತೀರಿ. ಆ ಮೂರು ಅಕ್ಷರಗಳ ಹಿಂದೆ ಇರುವುದು ಭೈರಸಂದ್ರ, ತಾವರೆಕೆರೆ ಮತ್ತು ಮಡಿವಾಳ ಎಂಬ ಮೂರು ಹಳ್ಳಿಗಳು. ಮೂರರಲ್ಲೂ ಕೆರೆಗಳಿದ್ದವು. 'ಸಂದ್ರ' ಎಂಬುದು 'ಸಮುದ್ರ' ಶಬ್ದದಿಂದಲೇ ಬಂದುದು. ನಮ್ಮ ಹಿರಿಯರ ಪಾಲಿಗೆ ದೊಡ್ಡ ಕೆರೆಯೇ ಸಮುದ್ರ. ಇನ್ನು ಬನಶಂಕರಿಯೆಂದರೆ ಬನದ ದೇವತೆ. ಹೀಗೆ ಊರಿನ ಹಳೆಯ ಕೆರೆ ಮತ್ತು ಬನಗಳು ಇಂದಿಗೂ ನಮ್ಮ ಅಂಚೆ ವಿಳಾಸದಲ್ಲಿ ಉಳಿದಿವೆ.

ಜನಸಂಖ್ಯೆ ಬೆಳೆದರೆ ಪರಿಸರ ಕೆಡುತ್ತದೆ ಎಂಬ ಮಾತನ್ನು ಶಾಲೆಯ ಪಾಠದಿಂದಲೇ ನಾವೆಲ್ಲ ಕೇಳುತ್ತ ಬಂದಿದ್ದೇವೆ. ಮಾತು ಸುಳ್ಳಲ್ಲ. ಆದರೆ ಅದು ಕೆಡುವುದು ಯಾವ ದಾರಿಯಿಂದ? ಬರಿಯ ತಲೆ ಎಣಿಕೆಯಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ದಕ್ಷಿಣ ಬೆಂಗಳೂರಿನ ಕೆರೆಗಳ ಇತಿಹಾಸವನ್ನು ನೋಡಿದರೆ ಸಿಗುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ವರ್ಷವಿಡೀ ಹರಿಯುವ ದೊಡ್ಡ ನದಿ ಇಲ್ಲಿಲ್ಲ. ಆದ್ದರಿಂದ ಬಿದ್ದ ಮಳೆಯನ್ನು ಹಿಡಿದಿಡುವುದೊಂದೇ ದಾರಿಯಾಗಿತ್ತು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರುತ್ತಿತ್ತು. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚಲು ನೀರುಗಂಟಿಯಿದ್ದ. ಬೇಸಿಗೆಯಲ್ಲಿ ರೈತರು ಹೂಳು ತೆಗೆದು ಹೊಲಕ್ಕೆ ಹಾಕುತ್ತಿದ್ದರು. ಕೆರೆ ಕೆಟ್ಟರೆ ಊರಿನ ಊಟಕ್ಕೇ ಕುತ್ತು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೊದಲ ಬದಲಾವಣೆ 19ನೆಯ ಶತಮಾನದ ಕೊನೆಯಲ್ಲಿ ಬಂದಿತು. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ಕೊಳಾಯಿ ನೀರು ದೊರೆಯಿತು. 1941ರಲ್ಲಿ ಸುಮಾರು 4 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1951ರ ಹೊತ್ತಿಗೆ ಸುಮಾರು 7.8 ಲಕ್ಷವಾಯಿತು. ಇಷ್ಟು ಜನರಿಗೆ ಮನೆ ಬೇಕಲ್ಲ? 1945ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯು ದಕ್ಷಿಣಕ್ಕೆ ಜಯನಗರವನ್ನು ಯೋಜಿಸಿತು. 1948ರಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಶಂಕುಸ್ಥಾಪನೆ ಮಾಡಿದರು; ಅಶೋಕ ಸ್ತಂಭ ಅದರ ನೆನಪಿಗಿದೆ. ಅಗಲವಾದ ರಸ್ತೆ, ಸಾಲುಮರ, ಉದ್ಯಾನ ಎಲ್ಲವೂ ಆ ಯೋಜನೆಯಲ್ಲಿದ್ದವು. ಜನ ಹೆಚ್ಚಿದ ಕಡೆಯೆಲ್ಲ ಹಸಿರು ಅಳಿಯಲೇಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಜಯನಗರವೇ ಸಾಕ್ಷಿ.

ಎರಡನೆಯ ಬದಲಾವಣೆ 1974ರದು. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲೆತ್ತಿ, ಕಾವೇರಿಯನ್ನು ನಗರಕ್ಕೆ ತರಲಾಯಿತು. ಅದೇ ದಶಕದಲ್ಲಿ, 1971ರಿಂದ 1981ರೊಳಗೆ, ಜನಸಂಖ್ಯೆ 16.5 ಲಕ್ಷದಿಂದ 29 ಲಕ್ಷಕ್ಕೆ ಏರಿತು. ದಕ್ಷಿಣದ ಹಳ್ಳಿಗಳು ಒಂದೊಂದಾಗಿ ಬಡಾವಣೆಗಳಾದವು.

ಇಲ್ಲಿ ನಡೆದುದನ್ನು ಸ್ವಲ್ಪ ಗಮನಿಸಿ. ಗದ್ದೆಗಳು ನಿವೇಶನಗಳಾದಾಗ ತೂಬಿಗೆ ಕೆಲಸ ತಪ್ಪಿತು. ಕುಡಿಯಲು ದೂರದ ನದಿ ಬಂದಾಗ ಊರ ಕೆರೆಯನ್ನು ಕೇಳುವವರಿಲ್ಲದಾಯಿತು. ಬಳಸಿದ ನೀರಿನಲ್ಲಿ ಸುಮಾರು ಶೇಕಡಾ 80ರಷ್ಟು ಕೊಳಚೆಯಾಗಿ ಹೊರಬರುತ್ತದೆಂಬುದು ಎಂಜಿನಿಯರುಗಳ ಲೆಕ್ಕ. ಒಳಚರಂಡಿ ತಲಪದ ಕಡೆ ಅದು ರಾಜಕಾಲುವೆಗೆ ಇಳಿಯಿತು; ಮಳೆನೀರಿನ ಹಳೆಯ ದಾರಿಯೇ ಕೊಳಚೆಯ ದಾರಿಯಾಯಿತು. ನಾರುವ ಕೆರೆಯನ್ನು ಮುಚ್ಚಿದರೆ ಒಳ್ಳೆಯದೆಂದು ಜನರಿಗೂ ಅನಿಸತೊಡಗಿತು. ಬೆಲೆ ಏರುತ್ತಿದ್ದ ನೆಲದ ಮೇಲೆ ಕಣ್ಣಿಟ್ಟವರಿಗೆ ಬೇಕಾಗಿದ್ದುದೂ ಅದೇ.

1980ರ ದಶಕದಲ್ಲಿ ಸರ್ಕಾರ ನೇಮಿಸಿದ ಎನ್. ಲಕ್ಷ್ಮಣರಾವ್ ಸಮಿತಿ, ಕೆರೆಗಳನ್ನು ಒಡೆಯಬಾರದು, ಕೊಳಚೆಯನ್ನು ಬೇರೆಡೆಗೆ ತಿರುಗಿಸಬೇಕು ಎಂದು ಶಿಫಾರಸು ಮಾಡಿತು. ಆ ಮಾತು ಪೂರ್ಣವಾಗಿ ಕಾರ್ಯಕ್ಕೆ ಬರಲಿಲ್ಲ. ಅದರ ಬೆಲೆ ತೆತ್ತವರು ಯಾರು? 2015ರಲ್ಲಿ ಜೆ.ಪಿ. ನಗರದ ಸಾರಕ್ಕಿ ಕೆರೆಯ ಒತ್ತುವರಿ ತೆರವಾದಾಗ, ಹಣ ಕೊಟ್ಟು ಮನೆ ಕೊಂಡಿದ್ದ ಕುಟುಂಬಗಳೂ ಮನೆ ಕಳೆದುಕೊಂಡವು. ಕೆರೆಯಂಗಳವನ್ನು ನಿವೇಶನವೆಂದು ಮಾರಿದವರು ಅಷ್ಟರಲ್ಲಿ ಲಾಭ ಎಣಿಸಿಕೊಂಡಾಗಿತ್ತು. ತಗ್ಗಿನಲ್ಲಿರುವ ಬೆಳ್ಳಂದೂರು ಕೆರೆಯಲ್ಲಿ ನೊರೆಯೆದ್ದು, 2017ರಲ್ಲಿ ಬೆಂಕಿಯೂ ಕಾಣಿಸಿಕೊಂಡದ್ದು ನಿಮಗೆ ನೆನಪಿರಬಹುದು.

ಹಾಗಾದರೆ ಜನ ಹೆಚ್ಚಿದ್ದೇ ತಪ್ಪೇ? ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಬೇರೆಯದೇ ಮಾತು ಹೇಳುತ್ತದೆ. ಸುತ್ತ ಎತ್ತರದ ವಸತಿ ಸಮುಚ್ಚಯಗಳಿರುವ ಈ ಕೆರೆಗಾಗಿ 2010ರಲ್ಲಿ ನೆರೆಹೊರೆಯವರೇ ಟ್ರಸ್ಟ್ ಕಟ್ಟಿಕೊಂಡರು. ಪಾಲಿಕೆಯೊಡನೆ ಕೈಜೋಡಿಸಿ ಅದನ್ನು ಉಳಿಸಿಕೊಂಡರು. ಅಲ್ಲಿ ಮತ್ತೆ ಹಕ್ಕಿಗಳಿವೆ. ಕೆರೆಗೆ ಒತ್ತಡವಾಗಿದ್ದ ಜನರೇ ಕೆರೆಗೆ ಕಾವಲಾದರು.

2011ರ ಜನಗಣತಿಯ ವೇಳೆಗೆ ನಗರದ ಜನಸಂಖ್ಯೆ ಸುಮಾರು 85 ಲಕ್ಷ ಮುಟ್ಟಿತ್ತು. 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಕಾದವರು ನಮ್ಮ ನಡುವೆಯೇ ಇದ್ದಾರೆ. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಆರಂಭವಾಗಿ, ದಿನಕ್ಕೆ 77.5 ಕೋಟಿ ಲೀಟರ್ ನೀರು ಸೇರ್ಪಡೆಯಾಯಿತು. ಸಂತೋಷವೇ. ಆದರೆ ಬಂದ ನೀರಿನ ಬಹುಪಾಲು ಕೊಳಚೆಯಾಗಿ ಎಲ್ಲಿಗೋ ಹೋಗಲೇಬೇಕು. ಅದನ್ನು ಶುದ್ಧಗೊಳಿಸುವ ಸ್ಥಾವರಗಳು ಜನರ ಜೊತೆಜೊತೆಗೇ ಬೆಳೆಯದಿದ್ದರೆ 1974ರ ಕಥೆಯೇ ಮರುಕಳಿಸೀತು.

ನಿಮ್ಮ ಮನೆಯ ಮಾಳಿಗೆಯ ಮೇಲೆ ಬೀಳುವ ಮಳೆಗೂ ಇದರಲ್ಲಿ ಪಾಲಿದೆ. 2009ರಿಂದ ಮಳೆನೀರು ಸಂಗ್ರಹಕ್ಕೆ ಕಾನೂನೇ ಇದೆ. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯು ಅದರ ಮಾದರಿಗಳನ್ನು ತೋರಿಸುವ ಕೇಂದ್ರವನ್ನೇ ತೆರೆದಿದೆ. ನಿಮ್ಮ ಬೀದಿಯ ಮಳೆನೀರು ಯಾವ ಕೆರೆಗೆ ಸೇರಬೇಕು, ಈಗ ಎಲ್ಲಿಗೆ ಸೇರುತ್ತಿದೆ ಎಂಬುದನ್ನು ಈ ಮಳೆಗಾಲದಲ್ಲಿ ಮನೆಯ ಮಕ್ಕಳೊಡನೆ ಒಮ್ಮೆ ನಡೆದು ನೋಡಿ.